ಕುಲುಮೆ ಬೇಡದ ಬೆಳ್ಳಿ

ಬಾರ್ತೊಲೊಮೆ ದೆ ಮೆದಿನಾ ಗಣಿಯವನಲ್ಲ, ಸ್ಪೇನಿನ ಸೆವಿಲ್ ಪಟ್ಟಣದ ವರ್ತಕ. ಒಬ್ಬ ಜರ್ಮನ್ ಹೇಳಿದ ಮಾತನ್ನು ನಂಬಿ ಹೆಂಡತಿ ಮಕ್ಕಳನ್ನು ಬಿಟ್ಟು ಅಟ್ಲಾಂಟಿಕ್ ದಾಟಿದ. ಅರೆದ ಅದಿರಿಗೆ ಉಪ್ಪುನೀರು, ಪಾದರಸ ಕಲಸಿದರೆ ಕರಗಿಸದೆಯೇ ಬೆಳ್ಳಿ ಬಿಡಿಸಬಹುದು ಎಂಬುದೇ ಆ ಮಾತು. ಲೊರೆಂಜೊ ಎಂಬ ಆ ಜರ್ಮನ್‌ನನ್ನೂ ಜೊತೆಗೆ ಕರೆತರುವ ಆಸೆಯಿತ್ತು. ಪರದೇಶಿಯೆಂದು ಅವನಿಗೆ ಅಪ್ಪಣೆ ಸಿಗಲಿಲ್ಲ. ಗುರು ಅಲ್ಲೇ ಉಳಿದ. ಅರ್ಧ ವಿದ್ಯೆ ಕಲಿತ ಶಿಷ್ಯ 1554ರ ಹೊತ್ತಿಗೆ ಮೆಕ್ಸಿಕೊದ ಪಚೂಕಾ ಸೇರಿದ.

ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ, ಬೆಟ್ಟಗಳ ಬುಡದಲ್ಲಿರುವ ಊರು ಪಚೂಕಾ. ಅಲ್ಲಿ ಬೆಳ್ಳಿಯ ಗಣಿಗಾರಿಕೆ ಆಗಷ್ಟೇ ಶುರುವಾಗಿತ್ತು. ಕುಲುಮೆಗೆ ಸೌದೆ, ಇದ್ದಿಲು, ಸೀಸ ಎಲ್ಲವೂ ಬೇಕು; ಬೆಳ್ಳಿ ಕಡಿಮೆಯಿರುವ ಅದಿರನ್ನು ಕರಗಿಸಿದರೆ ಖರ್ಚೂ ಹುಟ್ಟುತ್ತಿರಲಿಲ್ಲ.

ಮೆದಿನಾ ಕಲಸಿದ, ಕಾದ, ಸೋತ. ಮತ್ತೆ ಮತ್ತೆ ಸೋತ. ಹಣ ಕರಗಿತು, ಮನಸ್ಸು ಕುಗ್ಗಿತು, ಕೊನೆಗೆ ಮಾತೆ ಮೇರಿಗೆ ಮೊರೆಯಿಟ್ಟ ಮೇಲೆ ದಾರಿ ಕಂಡಿತು ಎಂದು 1555ರಲ್ಲಿ ಅವನೇ ಬರೆದಿಟ್ಟಿದ್ದಾನೆ. ಮೇರಿಯ ಕೃಪೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೈಗೂಡಿಸಿದ ವಸ್ತುವನ್ನು ಗಣಿಗರು ಮಾಹಿಸ್ತ್ರಾಲ್ ಎನ್ನುತ್ತಿದ್ದರು. ಹುರಿದ ತಾಮ್ರದ ಅದಿರು ಅದು. ಅದರಲ್ಲಿ ಮುಖ್ಯವಾಗಿ ಇರುವುದು, ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಕದಡಿ ಹೊಡೆಯುವ ಅದೇ ಮೈಲುತುತ್ತ. ಗಂಧಕದ ಜೊತೆ ಕಚ್ಚಿಕೊಂಡಿರುವ ಬೆಳ್ಳಿಯನ್ನು ಪಾದರಸ ಸುಲಭಕ್ಕೆ ಬಿಡಿಸಲಾರದು. ಉಪ್ಪು, ಮೈಲುತುತ್ತ ಸೇರಿದರೆ ಆ ಬೆಳ್ಳಿ ಕ್ಲೋರೈಡ್ ಆಗುತ್ತದೆ, ಆಮೇಲೆ ಪಾದರಸಕ್ಕೆ ಅಂಟುತ್ತದೆ. ಈ ರಸಾಯನವನ್ನು ಬಿಡಿಸಿ ಹೇಳುವವರು ಆಗ ಯಾರೂ ಇರಲಿಲ್ಲ. ಪಚೂಕಾದ ಅದಿರಿಗೆ ಹದ ಗೊತ್ತಾಗಿತ್ತು, ಅಷ್ಟೇ ಸಾಕಾಯಿತು.

ಕಲ್ಲು ಹಾಸಿದ ಅಂಗಳದಲ್ಲಿ ಅದಿರಿನ ಕೆಸರು ಹರಡಿ ವಾರಗಟ್ಟಲೆ ತುಳಿಸುತ್ತಿದ್ದರು. ಮೊದಲು ಕೂಲಿಗಳ ಬರಿಗಾಲು, 18ನೇ ಶತಮಾನದ ಕೊನೆಯಿಂದ ಹೇಸರಗತ್ತೆಗಳ ಗೊರಸು. ಆಮೇಲೆ ತೊಳೆದು, ಬಟ್ಟೆಯಲ್ಲಿ ಹಿಂಡಿ, ಉಳಿದ ಪಾದರಸವನ್ನು ಕಾಸಿ ಹೊಗೆಯಾಗಿಸಿದರೆ ಬೆಳ್ಳಿ. ಆ ವಿಷ ಯಾರ ಮೈ ಸೇರಿತೆಂದು ಕೇಳುವವರಿರಲಿಲ್ಲ. ಆಗ ಮೆಕ್ಸಿಕೊವನ್ನು ಆಳುತ್ತಿದ್ದ ಸ್ಪೇನಿನ ಅರಮನೆಗೆ ಬೇರೆಯದೇ ಲೆಕ್ಕ: ತನ್ನ ನಾಡಿನ ಆಲ್ಮದೇನ್ ಗಣಿಯ ಪಾದರಸದ ಮಾರಾಟವನ್ನು ತನ್ನ ಕೈಯಲ್ಲಿಟ್ಟುಕೊಂಡು, ಯಾರಿಗೆ ಎಷ್ಟು ಪಾದರಸ ಹೋಯಿತೆಂಬುದರ ಮೇಲೆ ಎಷ್ಟು ಬೆಳ್ಳಿ ಬಂದಿರಬೇಕೆಂದು ಅಂದಾಜು ಹಾಕಿ ತೆರಿಗೆ ಕೇಳುತ್ತಿತ್ತು. ಕಳ್ಳತನ ಹಿಡಿಯಲು ಇದಕ್ಕಿಂತ ಜಾಣ ಉಪಾಯ ಇನ್ನೊಂದಿರಲಿಲ್ಲ.

ಇವತ್ತು ಪಚೂಕಾಗೆ ಹೋದವರು 1910ರ ಗಡಿಯಾರ ಗೋಪುರ ನೋಡಿ, ಕರ್ಜಿಕಾಯಿಯಂತೆ ಅಂಚು ಮಡಿಚಿದ ಪಾಸ್ತೆ ತಿನ್ನುತ್ತಾರೆ. ಆ ತಿಂಡಿ ತಂದವರು 1820ರ ದಶಕದಲ್ಲಿ ಪಕ್ಕದ ರಿಯಾಲ್ ದೆಲ್ ಮೊಂತೆ ಗಣಿಗೆ ಬಂದ ಇಂಗ್ಲೆಂಡಿನ ಕಾರ್ನ್‌ವಾಲ್ ಕೆಲಸಗಾರರು. ಅವರನ್ನು ಕರೆಸಿದ ಕಂಪನಿ ನಡೆಸಿದವನು ಜಾನ್ ಟೇಲರ್. ಮುಂದೆ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಅವನದೇ ಮನೆತನದ ಸಂಸ್ಥೆ.

ಅಂಗಳದ ತುಳಿತ ಮುನ್ನೂರೈವತ್ತು ವರ್ಷ ನಡೆಯಿತು. 20ನೇ ಶತಮಾನದ ಆರಂಭದಲ್ಲಿ ಸೈನೈಡ್ ಬಂದು ಅದನ್ನು ನಿಲ್ಲಿಸಿತು. ಕೆಸರನ್ನು ಗಾಳಿಯೂದಿ ಕಲಕುವ ಎತ್ತರದ ತೊಟ್ಟಿಗಳು ಆಗ ಹೆಸರಾದವು. ಜಾರ್ಖಂಡಿನ ಜಾದುಗುಡಾದಲ್ಲಿ ಯುರೇನಿಯಂ ಬಿಡಿಸುವುದಕ್ಕೂ ಬಳಸುವ ಅಂಥ ತೊಟ್ಟಿಯನ್ನು ಗಣಿ ಎಂಜಿನಿಯರುಗಳು ಕರೆಯುವುದು ಪಚೂಕಾ ಎಂದೇ.