ಆಟಿಸಂ: ತೊಟ್ಟಿಲಿನಿಂದ ಮುಪ್ಪಿನವರೆಗೆ

ಆಟಿಸಂ ಎಂಬುದು ಮೆದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ವ್ಯತ್ಯಾಸ. ಅದರ ಬೇರು ಹುಟ್ಟಿಗೂ ಮೊದಲಿನದು. ಬಹುಪಾಲು ಜನರಲ್ಲಿ ಅದು ಬದುಕಿನುದ್ದಕ್ಕೂ ಇರುತ್ತದೆ. ಎದುರಿಗಿರುವವರ ನೋಟ, ಸನ್ನೆ, ಮಾತಿನ ಒಳಾರ್ಥಗಳನ್ನು ಹಿಡಿಯುವುದು ಕಷ್ಟವಾಗುತ್ತದೆ. ರೂಢಿಯಾದ ಕ್ರಮ ತಪ್ಪಿದರೆ ತಳಮಳ. ಮಿಕ್ಸಿ ಸದ್ದಿಗೆ ಒಂದು ಮಗು ಕಿವಿ ಮುಚ್ಚಿಕೊಂಡರೆ ಇನ್ನೊಂದಕ್ಕೆ ಬಟ್ಟೆಯ ಹೊಲಿಗೆ ಚುಚ್ಚುತ್ತದೆ. ಕನ್ನಡದ ಪುಸ್ತಕಗಳು ಇದನ್ನು ಸ್ವಲೀನತೆ ಎನ್ನುತ್ತವೆ. ತಂದೆತಾಯಿಯರ ಬಾಯಲ್ಲಿ ಆಟಿಸಂ ಎಂದೇ ಉಳಿದಿದೆ, ಅದೇ ವಾಸಿ. ಆಟಿಸಂ ಇರುವವರೆಲ್ಲ ತಮ್ಮಲ್ಲೇ ಲೀನರಾದವರೇನಲ್ಲ. ಒಂದು ಮಾತೂ ಆಡದ ಹುಡುಗನೂ ಸಾಫ್ಟ್‌ವೇರ್ ಬರೆಯುವ ಎಂಜಿನಿಯರೂ ಇದೇ ಹೆಸರಿನಡಿ ಬರಬಹುದು. ಹಿಂದೆ ಬೇರೆಬೇರೆಯಾಗಿದ್ದ ರೋಗನಾಮಗಳನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ 'ಆಟಿಸಂ ಸ್ಪೆಕ್ಟ್ರಂ' ಎಂದು ಒಂದುಗೂಡಿಸಿತು.

ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿದ. ಅಲ್ಲಿಂದ ಮುಂದೆ ಆಟಿಸಂ ಮಕ್ಕಳ ಸಮಸ್ಯೆಯೆಂದೇ ಲೆಕ್ಕವಾಯಿತು. ಮಗುವಿನ ಮೇಲೆ ಪ್ರೀತಿಯಿಲ್ಲದ ತಾಯಿಯೇ ಇದಕ್ಕೆ ಕಾರಣವೆಂಬ ವಾದವೂ ಬೆಳೆದು, ಒಂದು ತಲೆಮಾರಿನ ತಾಯಂದಿರು ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಯಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇದಕ್ಕಿಂತ ಕ್ರೂರವಾದ ಊಹೆ ಅಪರೂಪ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 1977ರಲ್ಲಿ ಬ್ರಿಟನ್ನಿನ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಯಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಕಾರಣ ಹುಡುಕಬೇಕಾದದ್ದು ತಾಯಿಯ ಮನಸ್ಸಿನಲ್ಲಲ್ಲ, ವಂಶವಾಹಿಗಳಲ್ಲಿ ಎಂಬುದು ಆಗ ಹೊಳೆಯಿತು.

ಆದರೆ 'ಆಟಿಸಂ ಜೀನ್' ಎಂಬ ಒಂದೇ ಒಂದು ಜೀನ್ ಇಲ್ಲ. ಬಲವಾದ ಪುರಾವೆ ಸಿಕ್ಕಿರುವ ಜೀನ್‌ಗಳೇ ನೂರಕ್ಕೂ ಹೆಚ್ಚು. ಜೊತೆಗೆ ಒಂದೊಂದೂ ಎಳ್ಳಷ್ಟು ಪರಿಣಾಮ ಬೀರುವ ಸಾವಿರಾರು ಸಾಮಾನ್ಯ ವ್ಯತ್ಯಾಸಗಳು ಸೇರಿಕೊಳ್ಳುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 5,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಜರಡಿ ಹಿಡಿದು, 2025ರಲ್ಲಿ ನಾಲ್ಕು ಉಪಗುಂಪುಗಳನ್ನು ಗುರುತಿಸಿತು. ಪ್ರತಿ ಗುಂಪಿನ ಹಿಂದಿರುವ ಜೈವಿಕ ಕಥೆಯೂ ಬೇರೆ. ಲಸಿಕೆಯಿಂದ ಆಟಿಸಂ ಬರುತ್ತದೆಂದು ಗುಲ್ಲೆಬ್ಬಿಸಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ದಾಖಲೆಯಲ್ಲೂ ಅಂಥ ನಂಟು ಕಾಣಲಿಲ್ಲ. ಗರ್ಭಿಣಿಯರು ನುಂಗುವ ಪ್ಯಾರಾಸಿಟಮಾಲ್ ಮೇಲಿನ ಈಚಿನ ಆರೋಪವೂ ಹೀಗೆಯೇ. ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ತೆಗೆದು ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿದಾಗ ಆ ನಂಟು ಕರಗಿಹೋಯಿತು.

ಮೊದಲ ಮಗುವಿಗೆ ಆಟಿಸಂ ಇದ್ದರೆ ನಂತರದ ಮಗುವಿಗೂ ಬರುವ ಸಂಭವ ಸುಮಾರು ಐದರಲ್ಲೊಂದು. ಹಾಗಾಗಿ ಸಂಶೋಧಕರು ಇಂಥ ತಮ್ಮ-ತಂಗಿಯರನ್ನು ಹುಟ್ಟಿನಿಂದಲೇ ಗಮನಿಸುತ್ತಾರೆ. ವಾರೆನ್ ಜೋನ್ಸ್ ಮತ್ತು ಅಮಿ ಕ್ಲಿನ್ 2013ರಲ್ಲಿ ತೋರಿಸಿದಂತೆ, ಮುಂದೆ ಆಟಿಸಂ ಗುರುತಿಸಲಾದ ಶಿಶುಗಳೂ ಮೊದಮೊದಲು ಎಲ್ಲರಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತವೆ. ಎರಡರಿಂದ ಆರು ತಿಂಗಳ ನಡುವೆ ಆ ನೋಟ ಮೆಲ್ಲಗೆ ಇಳಿಯುತ್ತದೆ. ಮನೆಯವರಿಗೆ ಇದು ತಿಳಿಯುವುದಿಲ್ಲ, ಕಣ್ಣಿನ ಚಲನೆ ಅಳೆಯುವ ಯಂತ್ರಕ್ಕಷ್ಟೇ ತಿಳಿಯುತ್ತದೆ. ಮನೆಯಲ್ಲಿ ಗಮನಿಸಬಹುದಾದದ್ದು ಬೇರೆ: ಹೆಸರು ಕರೆದರೆ ತಿರುಗದಿರುವುದು, ಹಾರುವ ಕಾಗೆಯತ್ತ ಬೆರಳು ತೋರಿಸಿ 'ನೋಡು' ಎನ್ನದಿರುವುದು. ನುರಿತವರು ಎರಡು ವರ್ಷದ ಹೊತ್ತಿಗೆ ಆಟಿಸಂ ಗುರುತಿಸಬಲ್ಲರು. ನಮ್ಮಲ್ಲಿ ಅಡ್ಡ ಬರುವುದು 'ಅವರಪ್ಪನಿಗೂ ಮಾತು ತಡವಾಗೇ ಬಂದಿತ್ತು' ಎಂಬ ಅಜ್ಜಿಯ ಸಮಾಧಾನ.

ಚಿಕಿತ್ಸೆಯ ಗುರಿ ಆಟಿಸಂ ಅಳಿಸುವುದಲ್ಲ, ಮಗುವಿಗೆ ಸಂವಹನದ ದಾರಿ ತೆರೆಯುವುದು. ಬ್ರಿಟನ್ನಿನಲ್ಲಿ ರೂಪುಗೊಂಡ ಒಂದು ಕ್ರಮದಲ್ಲಿ, ಮಗುವಿನೊಂದಿಗೆ ತಾಯಿ ಆಡುವುದನ್ನು ವಿಡಿಯೊ ಮಾಡಿ ಅವಳಿಗೇ ತೋರಿಸುತ್ತಾರೆ. ಮಗು ಕೊಟ್ಟ ಯಾವ ಸಣ್ಣ ಸುಳಿವು ಕೈತಪ್ಪಿತು, ಯಾವುದಕ್ಕೆ ಉತ್ತರ ಸಿಕ್ಕಿತು ಎಂದು ತಾಯಿಯೂ ತಜ್ಞರೂ ಕೂತು ನೋಡುತ್ತಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನು ತಜ್ಞರ ಬದಲು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರೇ ನಡೆಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತೆಂದು 2016ರಲ್ಲಿ ವರದಿಯಾಯಿತು. ಮನೋವೈದ್ಯರೇ ವಿರಳವಾದ ತಾಲ್ಲೂಕುಗಳಿಗೆ ಈ ಪ್ರಯೋಗ ಹೇಳುವುದು ಬಹಳ. ಬೆಂಗಳೂರಿನಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತ ರೂಪಿಸಿದ 'ಕಾಮ್ ಡೀಲ್' ಕಾರ್ಯಕ್ರಮ ಶಾಲೆಗೆ ಸೇರುವ ಮುಂಚಿನ ವಯಸ್ಸಿಗೆಂದೇ ಇದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ತಪಾಸಣೆ, ತರಬೇತಿಗಳಿವೆ. ಲಕ್ಷಗಟ್ಟಲೆ ಹಣ ಕೀಳುವ ಸ್ಟೆಮ್ ಸೆಲ್ 'ಚಿಕಿತ್ಸೆ' ಮಾತ್ರ ಆಟಿಸಂಗೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ.

ಅಮೆರಿಕದ ಕ್ಯಾಥರೀನ್ ಲಾರ್ಡ್ ಎರಡು ವರ್ಷದ ಮಕ್ಕಳ ಒಂದು ಗುಂಪನ್ನು ಅವರು ಯುವಕರಾದ ಮೇಲೂ ಬಿಡದೆ ಹಿಂಬಾಲಿಸಿದರು. ಹತ್ತರಲ್ಲೊಬ್ಬರಷ್ಟು ಜನರಲ್ಲಿ ಲಕ್ಷಣಗಳು ರೋಗನಿರ್ಣಯದ ಗೆರೆಗಿಂತ ಕೆಳಗಿಳಿದಿದ್ದವು. ಹೆಚ್ಚಿನವರಿಗೆ ನೆರವು ಬೇಕೇ ಇತ್ತು. ಇಂಥ ದೀರ್ಘ ಅಧ್ಯಯನಗಳಿಂದ ತಿಳಿದದ್ದು, ಬುದ್ಧಿಮತ್ತೆಯ ಅಂಕವೊಂದೇ ಸಾಲದೆಂಬುದು. ಸ್ನಾನ, ಅಡುಗೆ, ಬಸ್ ಹಿಡಿಯುವುದು, ಚಿಲ್ಲರೆ ಎಣಿಸುವುದು ರೂಢಿಯಾದವರಿಗೆ ಕೆಲಸ ಸಿಗುವ ಸಂಭವವೂ ಹೆಚ್ಚು. ಶಾಲೆಗಳು ಅಂಕಪಟ್ಟಿಗೆ ಕೊಡುವ ಗಮನದ ಕಾಲುಭಾಗವನ್ನೂ ಇವಕ್ಕೆ ಕೊಡುವುದಿಲ್ಲ.

ನಾಲ್ವರು ಹುಡುಗರಿಗೆ ಒಬ್ಬಳು ಹುಡುಗಿ ಎಂಬ ಹಳೆಯ ಲೆಕ್ಕ ಈಗ ಮೂವರಿಗೊಬ್ಬಳು ಎಂಬಲ್ಲಿಗೆ ಬಂದಿದೆ. ಬೇರೆಯವರ ನಗು, ಮಾತಿನ ಧಾಟಿಯನ್ನು ಕಂಠಪಾಠ ಮಾಡಿ ಒಪ್ಪಿಸುವ ಹೆಣ್ಣುಮಕ್ಕಳು ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಇಂಥ ಮರೆಮಾಚುವಿಕೆ ಹೆಚ್ಚಿದವರಲ್ಲಿ ಖಿನ್ನತೆ, ಆತಂಕಗಳೂ ಹೆಚ್ಚು ಕಾಣುತ್ತವೆ. ಇದರ ಇನ್ನೊಂದು ಮುಖವನ್ನು ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯದು. ಕ್ಯಾಥರೀನ್ ಕ್ರಾಂಪ್ಟನ್ ತಂಡ ಇದನ್ನು ಕಿವಿಮಾತಿನ ಆಟದಂತೆ ಪರೀಕ್ಷಿಸಿತು. ಒಬ್ಬರಿಂದೊಬ್ಬರಿಗೆ ದಾಟಿಸಿದ ಕಥೆ ಬರೀ ಆಟಿಸಂ ಇರುವವರ ಸಾಲಿನಲ್ಲೂ ಇಲ್ಲದವರ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಉಳಿಯಿತು. ಮಿಶ್ರ ಸಾಲಿನಲ್ಲಿ ಬೇಗ ಸವೆಯಿತು. 2025ರಲ್ಲಿ ಹೆಚ್ಚು ಜನರೊಂದಿಗೆ ಆಟ ಮತ್ತೆ ನಡೆದಾಗ ಮಿಶ್ರ ಸಾಲೂ ಹಿಂದೆ ಬೀಳಲಿಲ್ಲ. ಇವರಿಗೆ ಸಂವಹನವೇ ಬಾರದೆಂಬ ನಂಬಿಕೆಗೆ ಎರಡು ಸಲವೂ ಆಧಾರ ಸಿಗಲಿಲ್ಲ.

ಮುಪ್ಪಿನ ಬಗೆಗಿನ ಅಧ್ಯಯನ ಈಗಷ್ಟೇ ಕಣ್ಣು ಬಿಡುತ್ತಿದೆ. ಸ್ವೀಡನ್ನಿನ 2016ರ ಅಧ್ಯಯನದಲ್ಲಿ, ಆಟಿಸಂ ಇದ್ದು ತೀರಿಕೊಂಡವರ ಸರಾಸರಿ ವಯಸ್ಸು ಸುಮಾರು 54. ಹೋಲಿಕೆಯ ಗುಂಪಿನದು 70. ಬುದ್ಧಿ ಬೆಳವಣಿಗೆಯ ತೊಡಕೂ ಇದ್ದವರಲ್ಲಿ ಮೂರ್ಛೆರೋಗ, ಇಲ್ಲದವರಲ್ಲಿ ಆತ್ಮಹತ್ಯೆ ಎದ್ದು ಕಂಡ ಕಾರಣಗಳು. ಆಯುಷ್ಯವೇ ಹೀಗೆಂದು ಇದರರ್ಥವಲ್ಲ. ಕ್ಯಾನರ್ ವಿವರಿಸಿದ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿಯ ತನ್ನೂರಿನ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಬೆನ್ನಿಗೆ ಅನುಕೂಲವಂತ ಮನೆಯೂ ಅವನನ್ನು ಒಪ್ಪಿಕೊಂಡ ಊರೂ ಇದ್ದವು.

'ನಾವು ಹೋದ ಮೇಲೆ ಇವನ ಗತಿಯೇನು' ಎಂಬುದು ಇಲ್ಲಿನ ತಂದೆತಾಯಿಯರ ಪ್ರಶ್ನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ 18 ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಅದೇ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. ಪಾಲಕತ್ವದ ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ.