ಹೀರುವ ಪೈಪು, ನೀರಿನ ಪೈಪು

ಚಿತ್ತಾಪುರದ ನಮ್ಮ ಚಾಚಾ ಹತ್ತಿರ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಮದುವೆ ಬಾಡಿಗೆಗೆ ಸೇಡಂ, ಚಿಂಚೋಳಿವರೆಗೆ ಹೋಗುತ್ತದೆ. ಅವರ ಮನೆ ನಡೆಯುವುದು ಅದರಿಂದಲೇ. ಕಳೆದ ಬೇಸಿಗೆಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಕಾರು ಎಳೆಯದಾಯಿತು, ಪೆಟ್ರೋಲ್ ಹೆಚ್ಚು ಕುಡಿಯತೊಡಗಿತು. ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ ಬದಲಿಸಬೇಕೆಂದರು. ಅಷ್ಟು ಹಣವಿಲ್ಲದೆ ಚಾಚಾ ಕಾರನ್ನು ಗುಜರಿಗೆ ಕೊಡಲು ಹೊರಟಿದ್ದರು.

ವಾಡಿಯ ಒಬ್ಬ ಹಿರಿಯ ಉಸ್ತಾದರು ಮೊದಲು ನೋಡಿದ್ದು ಕಾರ್ಬುರೇಟರ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನು. ಹಿಂದೆ ಯಾರೋ ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿದ್ದರು. ಅದು ಬಿಸಿಗೆ ಮೆತ್ತಗಾಗಿ ತಿರುವಿನಲ್ಲಿ ಮಡಚಿಕೊಂಡಿತ್ತು.

“ನೀರಿನ ಪೈಪು ಉಬ್ಬಲಾರದಂಗ ಇರಬೇಕು. ಇದು ಚಪ್ಪಟೆ ಆಗಲಾರದಂಗ ಇರಬೇಕು, ಬೇಟಾ” ಎಂದರು.

ಕಾರಣ ಸರಳ. ಪಿಸ್ಟನ್ ಕೆಳಗಿಳಿದಾಗ ಎಂಜಿನ್ ಗಾಳಿಯನ್ನು ಹೀರುತ್ತದೆ. ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತಲೇ ಇರುತ್ತದೆ. ಆ ಹೀರುವಿಕೆ ಡಿಸ್ಟ್ರಿಬ್ಯೂಟರ್‌ನ ಡಯಾಫ್ರಾಮ್ ಎಳೆದು, ಭಾರ ಕಡಿಮೆ ಇದ್ದಾಗ ಕಿಡಿಯನ್ನು ಸ್ವಲ್ಪ ಬೇಗ ಹೊತ್ತಿಸುತ್ತದೆ. ಇದರಿಂದ ಪೆಟ್ರೋಲ್ ಉಳಿಯುತ್ತದೆ. ಪೈಪು ಮುಚ್ಚಿದರೆ ಆ ಉಳಿತಾಯವಿಲ್ಲ. ಪೈಪು ಒಡೆದರೆ ಫಿಲ್ಟರ್ ದಾಟದ ಗಾಳಿ ಒಳಗೆ ಹೋಗುತ್ತದೆ. ಸಿಮೆಂಟ್ ಮತ್ತು ಕಲ್ಲಿನ ಧೂಳಿರುವ ನಮ್ಮ ಭಾಗದಲ್ಲಿ ಇದು ಎಂಜಿನ್‌ಗೆ ಇನ್ನೂ ಕೆಟ್ಟದ್ದು.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಮೂಲ ಪೈಪು ಸಿಗದಿದ್ದರೆ ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಇಷ್ಟು ನೋಡಿ:

1. ಒಳ ಅಳತೆ: ಪೈಪು ಕೂರುವ ಮೂತಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ, ಬಿಗಿಯಾಗಿ ಕೂರಬೇಕು.

2. ದಪ್ಪ: ಅಂಗಡಿಯಲ್ಲೇ ಬಾಗಿಸಿ ನೋಡಿ. ಮಡಚಿಕೊಂಡರೆ ಬೇಡ.

3. ವಸ್ತು: ಪೆಟ್ರೋಲ್, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಕೇಳಿ. ಸಾಮಾನ್ಯ ಸಿಲಿಕೋನ್ ಬಿಸಿ ತಡೆಯುತ್ತದೆ, ಆದರೆ ಪೆಟ್ರೋಲ್ ಆವಿಗೆ ಊದಿಕೊಳ್ಳುತ್ತದೆ. ರೇಡಿಯೇಟರ್ ಪೈಪಿನ ರಬ್ಬರ್ ಕೂಡ ಇಲ್ಲಿಗಲ್ಲ.

4. ಉದ್ದ: ಬಿಸಿ ಸೈಲೆನ್ಸರ್ ಪೈಪಿಗೆ ತಾಗಬಾರದು, ಚೂಪಾದ ತಿರುವೂ ಇರಬಾರದು.

ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಅದರ ದಪ್ಪ ಪೈಪಿಗೆ ಮಾತ್ರ ಬದಲಿ ಹುಡುಕಬೇಡಿ. ಅದಕ್ಕೆಂದೇ ಮಾಡಿದ್ದನ್ನೇ ಹಾಕಿ. ಅದು ಕುಸಿದರೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಶಹಾಬಾದಿನಿಂದ ತಂದ ಅರ್ಧ ಮೀಟರ್ ಪೈಪಿಗೆ ನೂರು ರೂಪಾಯಿಯೂ ಆಗಲಿಲ್ಲ. ಕಾರ್ಬುರೇಟರ್ ಹಳೆಯದೇ ಇದೆ. ಚಾಚಾ ಈಗಲೂ ಮದುವೆಗಳಿಗೆ ಹೋಗುತ್ತಿದ್ದಾರೆ. ಕಡಿಮೆ ಬೆಲೆಯ ವಸ್ತು ಮತ್ತು ಕಡಿಮೆ ಖರ್ಚು ಎರಡೂ ಒಂದೇ ಅಲ್ಲ ಎಂಬುದನ್ನು ನಾನು ಕಾಮರ್ಸ್ ತರಗತಿಗಿಂತ ಮೊದಲು ಆ ಬಾನೆಟ್ ಕೆಳಗೆ ಕಲಿತೆ.