ಏರುಪೇರು ನಾಡಿಯ ಲೆಕ್ಕಪುಸ್ತಕ

ಇಸಿಜಿ ನೋಡಿದ ಡಾಕ್ಟರು ಎಎಫ್, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಇದೆ ಎಂದು ಹೇಳಿದ ದಿನ ಮನೆಗೆ ಎರಡು ಮೂರು ಬಗೆಯ ಮಾತ್ರೆ ಬರುತ್ತವೆ. ಜೊತೆಗೆ ‘ಎರಡು ವಾರ ಬಿಟ್ಟು ಬನ್ನಿ, ನೋಡಿಕೊಂಡು ಡೋಸ್ ಹೊಂದಿಸೋಣ’ ಎಂಬ ಮಾತು. ಆ ಎರಡು ವಾರ ಮನೆಮಂದಿಗೆಲ್ಲ ಒಂದೇ ಕೆಲಸ. ಬಿಪಿ ಮೆಷಿನ್ನಿನ ಪಟ್ಟಿ ತೋಳಿಗೆ ಸುತ್ತುವುದು, ಪಲ್ಸ್ 112 ಎಂದರೆ ಗಾಬರಿಯಾಗುವುದು, ಮತ್ತೆ ಸುತ್ತಿ 84 ಬಂದರೆ ನಿಟ್ಟುಸಿರು ಬಿಡುವುದು, ಮೂರನೇ ಸಲ 126 ಬಂದರೆ ಮೆಷಿನ್ ಕೆಟ್ಟಿದೆ ಎಂದು ಬೈಯುವುದು. ಮೆಷಿನ್ ಕೆಟ್ಟಿರುವುದಿಲ್ಲ. ಈ ಕಾಯಿಲೆ ಇರುವುದೇ ಹಾಗೆ. ಯಾವ ಮಾತ್ರೆಗೆ ಯಾವ ಅಂಕಿ, ಆ ಅಂಕಿಯನ್ನು ಎಷ್ಟು ದಿನ ಬಿಟ್ಟು ನೋಡಿದರೆ ಅರ್ಥವಿದೆ ಎಂಬುದು ತಿಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲುಭಾಗದಲ್ಲಿರುವ ಸೈನಸ್ ಗಂಟು ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಹೊರಡಿಸುತ್ತದೆ, ಹೃದಯ ಆ ತಾಳಕ್ಕೆ ಬಡಿಯುತ್ತದೆ. ಎಎಫ್‌ನಲ್ಲಿ ಮೇಲಿನ ಕೋಣೆಗಳ ತುಂಬ ನಿಮಿಷಕ್ಕೆ 350ರಿಂದ 600ರಷ್ಟು ಅಡ್ಡಾದಿಡ್ಡಿ ಅಲೆಗಳು ಓಡಾಡುತ್ತವೆ. ಕೋಣೆ ಸರಿಯಾಗಿ ಕುಗ್ಗದೆ ಬರೀ ನಡುಗುತ್ತದೆ. ಮೇಲಿಗೂ ಕೆಳಗಿಗೂ ನಡುವೆ ಇರುವ ಎವಿ ಗಂಟು, ರಥೋತ್ಸವದ ದಿನ ಗರ್ಭಗುಡಿಯ ಬಾಗಿಲಲ್ಲಿ ನಿಂತ ಪೊಲೀಸನ ಹಾಗೆ, ನುಗ್ಗಿ ಬಂದವರಲ್ಲಿ ಕೆಲವರನ್ನು ತಡೆದು ಕೆಲವರನ್ನು ಬಿಡುತ್ತದೆ. ಬಿಡುವುದಕ್ಕೆ ಕ್ರಮವಿಲ್ಲ. ಹಾಗಾಗಿ ನಾಡಿಗೂ ಕ್ರಮವಿಲ್ಲ. ಮಾತ್ರೆ ಇಲ್ಲದಿದ್ದರೆ ಕೆಳಗಿನ ಕೋಣೆ ನಿಮಿಷಕ್ಕೆ 100ರಿಂದ 160ರವರೆಗೂ ಓಡಬಹುದು.

ನಡುಗುವ ಕೋಣೆಯಲ್ಲಿ ರಕ್ತ ನಿಲ್ಲುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಒಂದು ಪುಟ್ಟ ಚೀಲವಿದೆ, ನಿಂತ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಅಲ್ಲೇ. ಆ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಸ್ಟ್ರೋಕ್. ಎಎಫ್ ಇರುವವರಲ್ಲಿ ಈ ಅಪಾಯ ಸುಮಾರು ಐದು ಪಟ್ಟು. ಮಾತ್ರೆಗಳ ಕೆಲಸವೂ ಇದಕ್ಕೆ ತಕ್ಕಂತೆ ಮೂರು: ರಕ್ತ ಹೆಪ್ಪುಗಟ್ಟದಂತೆ ನೋಡುವುದು, ಓಟ ತಗ್ಗಿಸುವುದು, ಸಾಧ್ಯವಾದರೆ ತಾಳವನ್ನೇ ಸರಿಪಡಿಸುವುದು. ಇವುಗಳಲ್ಲಿ ಸ್ಟ್ರೋಕ್ ತಪ್ಪಿಸುವುದು ಮೊದಲನೆಯದು, ನುಂಗಿದವರಿಗೆ ಏನೂ ಅನ್ನಿಸದಿರುವುದೂ ಅದೇ. ಹಾಗಾಗಿಯೇ ‘ಈಗ ಆರಾಮಿದ್ದೀನಿ’ ಎಂದು ಜನ ಮೊದಲು ಬಿಡುವ ಮಾತ್ರೆಯೂ ಅದಾಗಿರುತ್ತದೆ. ತಾಳ ಸರಿಹೋಯಿತು ಎಂಬ ಮಾತ್ರಕ್ಕೆ ಅದನ್ನು ನಿಲ್ಲಿಸುವಂತಿಲ್ಲ. ವಯಸ್ಸು, ಬಿಪಿ, ಶುಗರ್, ಹಿಂದೆ ಸ್ಟ್ರೋಕ್ ಆಗಿತ್ತೇ ಎಂಬುದನ್ನೆಲ್ಲ ಕೂಡಿಸಿ ಡಾಕ್ಟರು ಅದನ್ನು ತೀರ್ಮಾನಿಸುತ್ತಾರೆ.

ಈಗ ನಾಡಿ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಒಂದು ಕಾಲು ನಿಮಿಷಕ್ಕೂ ಇನ್ನೊಂದಕ್ಕೂ ತಾಳೆಯೇ ಇರುವುದಿಲ್ಲ. ಬೆರಳಿಗೆ ಎರಡು ಬಡಿತ ಒತ್ತೊತ್ತಾಗಿ ಸಿಗುತ್ತವೆ, ಆಮೇಲೊಂದು ಬಿಡುವು, ಮತ್ತೊಂದು ದಪ್ಪ ಬಡಿತ, ಹಿಂದೆಯೇ ಇದೆಯೋ ಇಲ್ಲವೋ ಎಂಬಂಥ ಎಳೆಯ ಮಿಡಿತ. ಎರಡು ಬಡಿತ ತೀರಾ ಹತ್ತಿರ ಬಂದಾಗ ಎರಡನೆಯದರ ಹೊತ್ತಿಗೆ ಕೋಣೆ ತುಂಬಿರುವುದಿಲ್ಲ. ಆ ಬಡಿತ ಎದೆಯಲ್ಲಿ ಕೇಳಿಸುತ್ತದೆ, ಮಣಿಕಟ್ಟಿನವರೆಗೆ ಬರುವುದಿಲ್ಲ. ಅದಕ್ಕೇ ಡಾಕ್ಟರು ಸ್ಟೆತಸ್ಕೋಪಿನಲ್ಲಿ 104 ಎಣಿಸಿದಾಗ ಮನೆಯ ಆಕ್ಸಿಮೀಟರ್ 88 ತೋರಿಸಿರಬಹುದು. ಬಿಪಿ ಮೆಷಿನ್ನೂ ಏಕತಾಳದ ನಾಡಿಯನ್ನು ನಂಬಿಯೇ ಲೆಕ್ಕ ಹಾಕುವುದು. ಆದ್ದರಿಂದ ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ, ಸರಾಸರಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ಇಪ್ಪತ್ತು ಸಲ ನೋಡಿದರೆ ನೋಡುವ ಭಯಕ್ಕೇ ನಾಡಿ ಏರುತ್ತದೆ.

ಓಟ ತಗ್ಗಿಸಲು ಸಾಮಾನ್ಯವಾಗಿ ಕೊಡುವುದು ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಇಲ್ಲವೇ ಡಿಲ್ಟಿಯಾಜೆಮ್. ಇವು ಒಂದೆರಡು ದಿನದಲ್ಲಿ ಬಣ್ಣ ತೋರಿಸುತ್ತವೆ. ಡೋಸ್ ಬದಲಾದ ಮೂರು ನಾಲ್ಕು ದಿನದ ಮೇಲೆ ಬರುವ ಸರಾಸರಿಯನ್ನು ನಂಬಬಹುದು. ಕೂತಾಗಿನ ನಾಡಿ 72ಕ್ಕೇ ಇಳಿಯಬೇಕೆಂಬ ಹಟ ಬೇಡ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ರೇಸ್-2 ಅಧ್ಯಯನದಲ್ಲಿ, 110ಕ್ಕಿಂತ ಕೆಳಗೆ ಇಟ್ಟವರಿಗೂ 80ಕ್ಕಿಂತ ಕೆಳಗೆ ಇಳಿಸಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉಸಿರು ಕಟ್ಟದೆ ಮಾಳಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ ಎಂಬುದು ಹಲವು ಸಲ ಅಂಕಿಗಿಂತ ಚೆನ್ನಾಗಿ ಹೇಳುತ್ತದೆ. ಆದರೆ ನಾಡಿ 50ಕ್ಕಿಂತ ಕೆಳಗೇ ಇದ್ದು ತಲೆ ಸುತ್ತಿದರೆ, ಕಣ್ಣು ಕತ್ತಲಿಟ್ಟರೆ ಅಂದೇ ಡಾಕ್ಟರಿಗೆ ತಿಳಿಸಬೇಕು. ಎಎಫ್ ಬಂದು ಹೋಗುವವರಲ್ಲಿ, ಅದು ನಿಂತ ಕ್ಷಣ ಹೃದಯ ಕೆಲವು ಸೆಕೆಂಡ್ ಸುಮ್ಮನಾಗುವುದುಂಟು. ಬಿದ್ದೆದ್ದ ವಿಷಯವನ್ನು ‘ನೆಲ ಜಾರಿತು’ ಎಂದು ಮುಚ್ಚಿಡಬೇಡಿ.

ಡಿಗಾಕ್ಸಿನ್‌ನದು ಬೇರೆ ಗಡಿಯಾರ. ಕೊಟ್ಟ ಡೋಸ್ ಮೈಯಲ್ಲಿ ನೆಲೆಗೊಳ್ಳಲು ಸುಮಾರು ಒಂದು ವಾರ ಬೇಕು, ಮೂತ್ರಪಿಂಡ ಮಂದವಾಗಿದ್ದರೆ ಇನ್ನೂ ಹೆಚ್ಚು. ಹೆಚ್ಚಾದಾಗ ಮೊದಲು ಕಾಣುವುದು ಹೊಟ್ಟೆ ತೊಳಸು, ಊಟ ಸೇರದಿರುವುದು, ಕೆಲವರಿಗೆ ಎಲ್ಲವೂ ಹಳದಿಯಾಗಿ ಕಾಣುವುದು. ವಯಸ್ಸಾದವರಲ್ಲಿ ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ ಕೂರುವುದೇ ಹೆಚ್ಚು. ಭೇದಿಯಾಗಿ, ಇಲ್ಲವೇ ನೀರಿನ ಮಾತ್ರೆಯಿಂದ ಪೊಟ್ಯಾಶಿಯಂ ಇಳಿದಾಗ ಅದೇ ಡೋಸ್ ವಿಷವಾಗಬಲ್ಲದು.

ರಕ್ತ ತೆಳುವಾಗಿಸುವ ಮಾತ್ರೆ ಎಂದು ಎಲ್ಲರೂ ಕರೆಯುವ ಔಷಧಿಗಳಲ್ಲಿ ಹಳೆಯದು ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಬಂದದ್ದು 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಮ್ಮ ಕಡೆ ಅದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಅದರ ಬಳಗದ ಅಸೆನೊಕೌಮರಾಲ್, ಅಸಿಟ್ರಾಂ ಎಂದರೆ ಔಷಧಿ ಅಂಗಡಿಯವರಿಗೆಲ್ಲ ಗೊತ್ತು. ಈ ಬಳಗದ ಅಂಕಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ. ಬರೀ ಎಎಫ್ ಇದ್ದರೆ ಅದು 2ರಿಂದ 3ರೊಳಗೆ ಇರಬೇಕು. ಅದಕ್ಕಿಂತ ಇಳಿದರೆ ಹೆಪ್ಪಿನ ಭಯ, 4 ದಾಟಿದರೆ ರಕ್ತಸ್ರಾವದ ಭಯ.

ಜನ ಎಡವುವುದು ಇಲ್ಲಿ. ಇಂದಿನ ಐಎನ್‌ಆರ್ ನಿನ್ನೆ ರಾತ್ರಿಯ ಮಾತ್ರೆಯ ಫಲವಲ್ಲ, ಕಳೆದ ಎರಡು ಮೂರು ದಿನಗಳ ಕತೆ. ಲಿವರ್ ಮೊದಲೇ ತಯಾರಿಸಿಟ್ಟ ಹೆಪ್ಪುಗಟ್ಟಿಸುವ ಅಂಶಗಳು ಖರ್ಚಾಗಲು ಅಷ್ಟು ಹೊತ್ತು ಬೇಕು. ವಾರ್ಫರಿನ್ ಆದರೆ ಇನ್ನೂ ನಿಧಾನ. ಸೋಮವಾರ ಡೋಸ್ ಏರಿಸಿ ಮಂಗಳವಾರ ರಕ್ತ ಕೊಟ್ಟರೆ ದುಡ್ಡು ದಂಡ. ಡಾಕ್ಟರು ಲೆಕ್ಕ ಹಾಕುವುದೂ ದಿನದ್ದಲ್ಲ, ವಾರದ್ದು. ದಿನಕ್ಕೆ 2 ಮಿಲಿಗ್ರಾಂ ಎಂದರೆ ವಾರಕ್ಕೆ 14. ಐಎನ್‌ಆರ್ 1.7 ಬಂದಿತು ಎನ್ನಿ, ಮಂಗಳವಾರ ಮತ್ತು ಶುಕ್ರವಾರ ಮಾತ್ರ 3, ಮಿಕ್ಕ ದಿನ 2 ಎಂದು ಬರೆಯಬಹುದು. ಒಟ್ಟು 16 ಆಯಿತು. ಚೀಟಿಯಲ್ಲಿ ಇದು ಸಣ್ಣ ಅಕ್ಷರದಲ್ಲಿರುತ್ತದೆ, ಮನೆಯಲ್ಲಿ 1, 2, 3 ಮಿಲಿಗ್ರಾಂನ ಸ್ಟ್ರಿಪ್‌ಗಳು ಒಂದೇ ಡಬ್ಬಿಯಲ್ಲಿರುತ್ತವೆ. ಗೋಡೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ 2 ಅಥವಾ 3 ಎಂದು ದಪ್ಪಗೆ ಬರೆದು, ನುಂಗಿದ ಮೇಲೆ ಗೀಟು ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಮಾತ್ರೆ ಸಂಜೆಗೆ ಇಡುವುದಕ್ಕೂ ಕಾರಣವಿದೆ. ಬೆಳಿಗ್ಗೆ ರಕ್ತ ಕೊಟ್ಟು, ಮಧ್ಯಾಹ್ನ ರಿಪೋರ್ಟ್ ಬಂದು, ಡಾಕ್ಟರು ಬದಲಾಯಿಸಿದರೆ ಅಂದಿನ ಡೋಸನ್ನೇ ಬದಲಾಯಿಸಬಹುದು. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗಿ.

ಸೊಪ್ಪು ತಿನ್ನಬೇಡಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ, ಅದು ಅರ್ಧ ಸತ್ಯ. ಹಸಿರು ಸೊಪ್ಪಿನ ಕೆ ವಿಟಮಿನ್ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದು ನಿಜ. ಆದರೆ ವಾರಕ್ಕೆ ಮೂರು ದಿನ ಬಸ್ಸಾರು ಉಣ್ಣುವವರಿಗೆ ಅದನ್ನೂ ಸೇರಿಸಿಯೇ ಡೋಸ್ ಹೊಂದುತ್ತದೆ. ತೊಂದರೆ ಬರುವುದು ಏರಿಳಿತದಿಂದ. ತಿಂಗಳುಗಟ್ಟಲೆ ಸೊಪ್ಪು ಮುಟ್ಟದೆ ಮಳೆ ಬಿದ್ದ ಮೇಲೆ ದಿನಾ ನುಗ್ಗೆಸೊಪ್ಪಿನ ಪಲ್ಯ ಮಾಡಿದರೆ ಐಎನ್‌ಆರ್ ಕುಸಿಯುತ್ತದೆ. ಜ್ವರ ಬಂದು ನಾಲ್ಕು ದಿನ ಬರೀ ಗಂಜಿ ಕುಡಿದರೆ ಏರುತ್ತದೆ. ಅದರ ಜೊತೆಗೆ ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಫ್ಲುಕೊನಜೋಲ್‌ನಂಥ ಮಾತ್ರೆ ಸೇರಿದರೆ ಇನ್ನೂ ಜೋರಾಗಿ ಏರುತ್ತದೆ. ಹೊಸ ಮಾತ್ರೆ ಯಾವುದೇ ಬರಲಿ, ಕಷಾಯವೇ ಇರಲಿ, ನಾಲ್ಕೈದು ದಿನದೊಳಗೆ ಒಂದು ಐಎನ್‌ಆರ್ ಮಾಡಿಸಿ ಎಂದು ಕೇಳುವುದು ರೋಗಿಯ ಹಕ್ಕು. ಮಂಡಿನೋವಿಗೆ ಡೈಕ್ಲೊಫೆನಾಕ್ ಬೇಡ. ಊರ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿಸಿಕೊಂಡರೇ ಸಮಾಧಾನ ಎನ್ನುವ ಹಿರಿಯರು, ಈ ಮಾತ್ರೆಯ ಮೇಲೆ ಸೊಂಟಕ್ಕೆ ಸೂಜಿ ಹಾಕಿದರೆ ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳಬಹುದು ಎಂಬುದನ್ನು ತಿಳಿದಿರಬೇಕು.

ಇಷ್ಟೆಲ್ಲ ರಗಳೆ ಇಲ್ಲದ ಹೊಸ ಮಾತ್ರೆಗಳಿವೆಯಲ್ಲ ಎಂಬ ಪ್ರಶ್ನೆ ಸಹಜ. ಅಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಾಟ್ರಾನ್ ಈಗ ಹೆಚ್ಚಿನವರಿಗೆ ಮೊದಲ ಆಯ್ಕೆ. ಆದರೆ ಲೋಹದ ಕವಾಟ ಹಾಕಿಸಿಕೊಂಡವರಿಗೆ, ಬಾಲ್ಯದ ರುಮಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಇವು ಸಲ್ಲವು. ನಮ್ಮಲ್ಲಿ ಅಂಥವರು ಕಡಿಮೆಯೇನಿಲ್ಲ. 24 ದೇಶಗಳ 4,500ಕ್ಕೂ ಹೆಚ್ಚು ರುಮಾಟಿಕ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ಗೆದ್ದದ್ದು ಹಳೆಯ ಬಳಗವೇ. ಪಕ್ಕದ ಮನೆಯವರ ಮಾತ್ರೆ ನೋಡಿ ‘ನನಗೂ ಅದನ್ನೇ ಬರೆದುಕೊಡಿ’ ಎನ್ನುವ ಮುಂಚೆ ಎಕೋ ರಿಪೋರ್ಟಿನಲ್ಲಿ ಕವಾಟದ ಸಾಲನ್ನು ಓದಿಸಿಕೊಳ್ಳಿ.

ಹೊಸ ಮಾತ್ರೆಗಳಿಗೆ ನೋಡಲು ಅಂಕಿಯಿಲ್ಲ, ಗಡಿಯಾರವೇ ಮಾನಿಟರ್. ಪ್ರಭಾವ ದಿನದೊಳಗೆ ಇಳಿದುಹೋಗುತ್ತದೆ. ಅಪಿಕ್ಸಾಬಾನ್ 12 ಗಂಟೆಗೊಮ್ಮೆ. ಮರೆತರೆ 6 ಗಂಟೆಯೊಳಗೆ ನೆನಪಾದಾಗ ನುಂಗಬಹುದು, ಅದು ದಾಟಿದರೆ ಮುಂದಿನ ಡೋಸಿಗೆ ಕಾಯಬೇಕು, ಎರಡನ್ನು ಒಟ್ಟಿಗೆ ನುಂಗಬಾರದು. ರಿವರೊಕ್ಸಾಬಾನ್ ದಿನಕ್ಕೊಂದೇ, ಊಟದ ಜೊತೆಗೇ ಆಗಬೇಕು. ಬರೀ ಹೊಟ್ಟೆಯಲ್ಲಿ 20 ಮಿಲಿಗ್ರಾಂ ಪೂರ್ತಿ ಮೈಗೆ ಹತ್ತುವುದಿಲ್ಲ, ಏಕಾದಶಿ ಮಾಡುವವರು ಇದನ್ನು ಮೊದಲೇ ಕೇಳಿಕೊಳ್ಳಲಿ. ಮೂತ್ರಪಿಂಡದ ಪರೀಕ್ಷೆ ಮಾತ್ರ ತಪ್ಪಿಸುವಂತಿಲ್ಲ. ಕ್ರಿಯಾಟಿನಿನ್ ಕ್ಲಿಯರೆನ್ಸ್ 60ಕ್ಕಿಂತ ಕೆಳಗಿದ್ದರೆ ಅದನ್ನು 10ರಿಂದ ಭಾಗಿಸಿ, ಬಂದಷ್ಟು ತಿಂಗಳಿಗೊಮ್ಮೆ ಪರೀಕ್ಷೆ ಎಂಬುದು ವೈದ್ಯರ ಸುಲಭ ಸೂತ್ರ. 40 ಇದ್ದರೆ ನಾಲ್ಕು ತಿಂಗಳಿಗೊಮ್ಮೆ. ಅಪಿಕ್ಸಾಬಾನ್ ಡೋಸ್ 5ರಿಂದ 2.5ಕ್ಕೆ ಇಳಿಯುವುದು ವಯಸ್ಸು 80 ಅಥವಾ ಮೇಲೆ, ತೂಕ 60 ಕಿಲೋ ಅಥವಾ ಕೆಳಗೆ, ಕ್ರಿಯಾಟಿನಿನ್ 1.5 ಅಥವಾ ಮೇಲೆ, ಈ ಮೂರರಲ್ಲಿ ಎರಡು ಇದ್ದಾಗ. ಆದ್ದರಿಂದ ತೂಕವೂ ನಿಮ್ಮ ಪುಸ್ತಕದಲ್ಲಿರಲಿ.

ತಾಳ ಸರಿಪಡಿಸುವ ಅಮಿಯೊಡರೋನ್ ಎಲ್ಲಕ್ಕಿಂತ ಸೋಮಾರಿ. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲೇ ಉಳಿಯುತ್ತದೆ. ಶುರುಮಾಡಿದಾಗ ಅಸಿಟ್ರಾಂ ಅಥವಾ ವಾರ್ಫರಿನ್‌ನ ಬಲವನ್ನು ವಾರಗಳ ಕಾಲ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗುತ್ತದೆ, ಡಿಗಾಕ್ಸಿನ್ ಮಟ್ಟವನ್ನೂ ಏರಿಸುತ್ತದೆ. ಅಷ್ಟು ದಿನ ಪ್ರತಿ ವಾರ ಐಎನ್‌ಆರ್ ಬೇಕಾಗಬಹುದು. ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಆರು ತಿಂಗಳಿಗೊಮ್ಮೆ. ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೆ ಶ್ವಾಸಕೋಶ ನೋಡಿಸಬೇಕು. ಬಿಸಿಲಿಗೆ ಚರ್ಮ ಸುಡುತ್ತದೆ, ಹೊಲಕ್ಕೆ ಹೋಗುವವರಿಗೆ ಟೋಪಿ, ತುಂಬುತೋಳು ಬೇಕೇಬೇಕು.

ಅಮೆರಿಕದಲ್ಲಿರುವ ಮಗ ಕಳಿಸಿದ ಸ್ಮಾರ್ಟ್‌ವಾಚ್ ಈಗ ಹಲವು ಅಪ್ಪಂದಿರ ಕೈಯಲ್ಲಿದೆ. ಅದರ ಹಸಿರು ಬೆಳಕು ಬರೀ ನಾಡಿಯನ್ನು ಊಹಿಸುತ್ತದೆ, ಬೆರಳಿಟ್ಟು 30 ಸೆಕೆಂಡ್ ತೆಗೆಯುವ ಇಸಿಜಿಯೇ ಡಾಕ್ಟರಿಗೆ ಬೇಕಾದದ್ದು. ಎಎಫ್ ಬಂದು ಹೋಗುವವರು ಅದು ಶುರುವಾದ, ನಿಂತ ಹೊತ್ತನ್ನು ಬರೆದು, ಹಿಂದಿನ ರಾತ್ರಿ ಮದ್ಯ, ನಿದ್ದೆಗೇಡು, ಜ್ವರ ಏನಾದರೂ ಇತ್ತೇ ಎಂಬುದನ್ನೂ ಸೇರಿಸಿದರೆ ತುಂಬ ಉಪಯೋಗ. ಸದಾ ಎಎಫ್‌ನಲ್ಲೇ ಇರುವವರು ವಾಚಿನ ಎಎಫ್ ಎಚ್ಚರಿಕೆಯ ಗಂಟೆಯನ್ನು ಆಫ್ ಮಾಡಿ ನೆಮ್ಮದಿಯಿಂದಿರಬಹುದು. ವಾಚ್ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ, ಅದು ನಾರ್ಮಲ್ ಎಂದಿತೆಂದು ಎದೆನೋವನ್ನು ತಡೆದು ಕೂರಬಾರದು.

ಪುಸ್ತಕ ಮುಚ್ಚಿ ಓಡಬೇಕಾದ ಹೊತ್ತುಗಳೂ ಇವೆ. ಕೂತಲ್ಲೇ ನಾಡಿ 130 ದಾಟಿ ಏದುಸಿರು, ಎದೆನೋವು, ಪ್ರಜ್ಞೆ ತಪ್ಪುವುದು, ಟಾರಿನಂಥ ಕಪ್ಪು ಮಲ, ಗಾಯ ಕಾಣದಿದ್ದರೂ ತಲೆಗೆ ಬಿದ್ದ ಏಟು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಮಾಲೀಶು ಮಾಡುತ್ತಾ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ. ಅದನ್ನು ಕೊಡಬಹುದೋ ಇಲ್ಲವೋ ಎಂಬುದು ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ಕೊನೆಯದಾಗಿ ನುಂಗಿದ್ದು ಎಷ್ಟು ಗಂಟೆಗೆ ಎಂಬುದರ ಮೇಲೂ ನಿಂತಿರುತ್ತದೆ. ಸ್ಟ್ರಿಪ್ಪನ್ನೂ ಕ್ಯಾಲೆಂಡರಿನ ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ.